ಹಣ್ಣಿನ ನೆಲೆ, ಹಂಬಿನ ನೆಲೆ: ಜತ್ತದ ಅಂಗಳದಲ್ಲಿ ಸ್ಟ್ರಾಬೆರಿ ಸಸ್ಯಾಭಿವೃದ್ಧಿ

ದಾಳಿಂಬೆ, ದ್ರಾಕ್ಷಿ, ಮಾಡಗ್ಯಾಳ ಕುರಿ: ಜತ್ತ ತಾಲೂಕು ಹೆಸರಾಗಿರುವುದು ಇವುಗಳಿಂದ. ಈ ಸಾಲಿಗೆ ಸ್ಟ್ರಾಬೆರಿಯನ್ನು ಸೇರಿಸಹೊರಟರೆ ಮಹಾಬಳೇಶ್ವರದವರು ನಕ್ಕಾರು. 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಅವರ ಹಣ್ಣಿಗೆ ಬೆಟ್ಟದ ತಂಪು ಬೇಕು. ಜತ್ತದ್ದು ಮಳೆನೆರಳಿನ ಬಯಲು. ಆದರೆ ಹಣ್ಣು ಬೆಳೆಯುವುದು ಬೇರೆ, ಗಿಡ ಮಾಡುವುದು ಬೇರೆ. ಮಹಾಬಳೇಶ್ವರದ ಬೆಳೆಗೂ ತಾಯಿ ಗಿಡಗಳನ್ನು ಹೆಚ್ಚಾಗಿ ಬೆಟ್ಟದ ಭಾರೀ ಮಳೆಯಲ್ಲಿ ಇಡದೆ, ವಾಯಿ ಕಡೆಯ ತಗ್ಗು ನೆಲದಲ್ಲಿ ಹಂಬು ಬಿಡಿಸಿ ಸಸಿ ಮಾಡುತ್ತಾರೆ. ಜತ್ತದ ಮನೆಯಂಗಳದ ಪ್ರಶ್ನೆಯನ್ನು ಇಲ್ಲಿಂದ ಕೇಳಬೇಕು.

ಕ್ಯಾಮರೋಸಾ, ಸ್ವೀಟ್ ಚಾರ್ಲಿಯಂಥ ತಳಿಗಳು ತಂಪಿನಲ್ಲಿ, ಹಗಲು ಕುಗ್ಗಿದಾಗ ಹೂ ಕಟ್ಟುತ್ತವೆ. ಬೆಚ್ಚಗಾಗಿ ಹಗಲು ಹಿಗ್ಗಿದಾಗ ಹಂಬು ಬಿಡುತ್ತವೆ. ಜತ್ತದಲ್ಲಿ ವರ್ಷದ ಅತಿ ದೀರ್ಘ ಹಗಲೂ ಸುಮಾರು 13 ಗಂಟೆ ಅಷ್ಟೆ, ಹೀಗಾಗಿ ಇಲ್ಲಿ ಹಗಲಿಗಿಂತ ಉಷ್ಣತೆಯದೇ ಪಾರುಪತ್ಯ. ಏಪ್ರಿಲ್-ಮೇ ತಿಂಗಳ ಉರಿಬಿಸಿಲಲ್ಲಿ ತಾಯಿ ಗಿಡ ಜೀವ ಹಿಡಿದುಕೊಂಡರೆ ಸಾಕು. ಹಂಬಿನ ಕೆಲಸಕ್ಕೆ ಹದವಾದ ಕಾಲ ಜೂನ್‌ನಿಂದ ಸೆಪ್ಟೆಂಬರ್.

ಆಗ ತಾಯಿ ಗಿಡದಲ್ಲಿ ಹೂ ಕಂಡರೆ ಚಿವುಟಬೇಕು. ಹಂಬಿನ ಮೊದಲ ಗಿಣ್ಣು ಸಾಮಾನ್ಯವಾಗಿ ಬರಿದಾಗಿಯೇ ಉಳಿಯುತ್ತದೆ. ಎರಡನೆಯದರಲ್ಲಿ ಎಲೆಗುಚ್ಛ ಮೂಡಿ, ಅದರ ಬುಡದಲ್ಲಿ ಗಂಟುಗಂಟಾದ ಬೇರುಮೊಳಕೆ ಕಾಣುತ್ತದೆ. ಆ ಬುಡವನ್ನು ಒದ್ದೆ ಕೊಕೊಪೀಟ್ ತುಂಬಿದ ಸಣ್ಣ ಕುಂಡಕ್ಕೆ ತಾಗಿಸಿ, ಬಾಗಿಸಿದ ತಂತಿಯಿಂದ ಕದಲದಂತೆ ಹಿಡಿಸಬೇಕು. ಸುಳಿ ಮಾತ್ರ ಮಣ್ಣಿನಲ್ಲಿ ಹೂತುಹೋಗಬಾರದು, ಹೂತರೆ ಕೊಳೆತಂತೆಯೇ. ನಾಲ್ಕರಿಂದ ಆರು ವಾರಗಳಲ್ಲಿ ಬೇರು ಕುಂಡ ತುಂಬುತ್ತದೆ. ಅಲ್ಲಿಯವರೆಗೆ ಮರಿಗೆ ನೀರು, ಆಹಾರ ತಾಯಿಯಿಂದಲೇ. ಹಂಬನ್ನು ಅವಸರದಿಂದ ಕತ್ತರಿಸಿದವರ ಮರಿಗಳು ಒಣಗಾಳಿಗೆ ಬಾಡುವುದು ಇದೇ ಕಾರಣಕ್ಕೆ.

ತಾಪಕ್ಕಿಂತ ಕಡೆಗಣಿಸಲ್ಪಡುವ ಶತ್ರು ಉಪ್ಪು. ಬೆಳೆಗಳ ಪೈಕಿ ಸ್ಟ್ರಾಬೆರಿ ಲವಣಕ್ಕೆ ತೀರ ಸೂಕ್ಷ್ಮ: ಮಣ್ಣಿನ ವಿದ್ಯುತ್ ವಾಹಕತೆ ಮೀಟರಿಗೆ 1 ಡೆಸಿಸೀಮೆನ್ಸ್ ದಾಟಿದರೆ ಇಳುವರಿ ಕುಸಿಯತೊಡಗುತ್ತದೆ. ದಾಳಿಂಬೆ ತಾಳಿಕೊಳ್ಳುವ ಬೋರ್‌ವೆಲ್ ನೀರಿಗೆ ಇದರ ಎಲೆಯಂಚು ಸುಟ್ಟಂತೆ ಕಂದಾದೀತು. ಮಾಳಿಗೆಯ ಮಳೆನೀರು ಹಿಡಿದಿಟ್ಟುಕೊಂಡವರಿಗೆ ಅರ್ಧ ಕೆಲಸ ಮುಗಿದಂತೆ.

ಹಂಬಿನ ಮರಿ ತಾಯಿಯ ಪಡಿಯಚ್ಚು. ಇದರ ಫಜೀತಿ ಹಳೆಯದು. ಫ್ರಾನ್ಸಿನ ಅಮೆದೆ ಫ್ರಾನ್ಸ್ವಾ ಫ್ರೆಜಿಯೆ 1714ರಲ್ಲಿ ಚಿಲಿಯಿಂದ ದಪ್ಪ ಹಣ್ಣಿನ ಗಿಡಗಳನ್ನು ತಂದ. ಹಡಗಿನಲ್ಲಿ ಉಳಿದದ್ದು ಐದು. ಹಣ್ಣು ನೋಡಿ ಆರಿಸಿದ್ದರಿಂದ ಎಲ್ಲವೂ ಹೆಣ್ಣು. ಹಂಬುಗಳಿಂದ ಎಷ್ಟು ಮಾಡಿದರೂ ಮತ್ತೆ ಹೆಣ್ಣೇ, ಕಾಯಿ ಇಲ್ಲ. ಉತ್ತರ ಅಮೆರಿಕದ ವರ್ಜೀನಿಯಾ ಸ್ಟ್ರಾಬೆರಿಯ ಪರಾಗ ಸಿಕ್ಕ ಮೇಲೆಯೇ ಕಾಯಿ ಕಚ್ಚಿತು. ಆ ಕೂಡಿಕೆಯೇ ಇಂದಿನ ತೋಟದ ಸ್ಟ್ರಾಬೆರಿಯೆಂದು ಆಂತ್ವಾನ್ ನಿಕೋಲಾ ದುಶೆನ್ 1766ರಲ್ಲಿ ಬರೆದ.

ರೋಗದ ಲೆಕ್ಕವೂ ಹೀಗೆಯೇ. ಗೂಟಿ ಕಟ್ಟಿ ದಾಳಿಂಬೆ ಸಸಿ ಮಾಡುವ ಜತ್ತದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ‘ತೇಲ್ಯಾ’ ಎಂಬ ದುಂಡಾಣು ಅಂಗಮಾರಿ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವ ದಾರಿಗಳಲ್ಲಿ ಸಸಿಯೂ ಒಂದು. ಸ್ಟ್ರಾಬೆರಿಯಲ್ಲಿ ಗಿಡಹೇನುಗಳು ಹರಡುವ ವೈರಸ್ಸು, ಮಳೆಹನಿಯ ಸಿಡಿತದಿಂದ ಹಬ್ಬುವ ಚಿಬ್ಬುರೋಗ ಹಂಬಿನ ಮರಿಗಳ ಜೊತೆ ಸಾಗುತ್ತವೆ. ಹಂಬಿನ ಮೇಲೆ ಕಪ್ಪು ಕುಳಿಚುಕ್ಕೆ ಕಂಡ ಗಿಡದಿಂದ ಮರಿ ತೆಗೆಯುವಂತಿಲ್ಲ. ಎರಡು-ಮೂರು ವರ್ಷಕ್ಕೊಮ್ಮೆ ತಾಯಿ ಗಿಡವನ್ನೇ ನಂಬಿಕಸ್ಥ ನರ್ಸರಿಯಿಂದ ಹೊಸದಾಗಿ ತರಬೇಕು.