ಮೂರು ಭಾಷೆಯ ಗೋಡೆಬರಹ



ಪ್ರಳಯದ ಮಾತು ನಮಗೆ ಹೊಸದಲ್ಲ. ಹರಿಕಥೆ, ಪುರಾಣ ಕೇಳಿದವರಿಗೆಲ್ಲ ಗೊತ್ತು: ಪಾಪ ಹೆಚ್ಚುತ್ತದೆ, ಯುಗ ಮುಗಿಯುತ್ತದೆ, ಆಮೇಲೆ ಮತ್ತೆ ಸೃಷ್ಟಿ. ಯುರೋಪಿನವರಿಗೂ ಬೈಬಲ್ಲಿನ ಕೊನೆಯ ತೀರ್ಪಿನ ದಿನ ಹೀಗೆಯೇ ಪರಿಚಿತ. 1805ರಲ್ಲಿ ಫ್ರಾನ್ಸಿನ ಗ್ರಾನ್‌ವಿಲ್ ಎಂಬಾತನ ಕೊನೆಯ ಮನುಷ್ಯನ ಕಥೆ ಅಚ್ಚಾಯಿತು. ಅದರಲ್ಲಿ ಭೂಮಿ ಬಂಜರಾಗುತ್ತದೆ; ಆದರೂ ಆದಮನು ಬರುತ್ತಾನೆ, ದೇವರ ಅಪ್ಪಣೆಯೂ ಇದೆ.

ಯಾರ ಪಾಪವೂ ಕಾರಣವಾಗದೆ ಮನುಷ್ಯಕುಲ ಸುಮ್ಮನೆ ಅಳಿದುಹೋದರೆ? ಹಾಗೆ ಊಹಿಸಿ ಬರೆದ ಮೊದಲಿಗರಲ್ಲಿ ಇಂಗ್ಲೆಂಡಿನ ಮೇರಿ ಷೆಲ್ಲಿ ಒಬ್ಬಳು. ಪುಸ್ತಕ ‘ದಿ ಲಾಸ್ಟ್ ಮ್ಯಾನ್’, ಅಂದರೆ ‘ಕೊನೆಯ ಮನುಷ್ಯ’. ಅಚ್ಚಾದದ್ದು 1826ರಲ್ಲಿ, ಮೂರು ಸಂಪುಟಗಳಲ್ಲಿ.

ಇದರ ಹಿನ್ನೆಲೆ ಸ್ವಲ್ಪ ಹೇಳಬೇಕು. 1815ರ ಏಪ್ರಿಲ್‌ನಲ್ಲಿ ಈಗಿನ ಇಂಡೋನೇಷ್ಯಾದ ಸುಂಬಾವ ದ್ವೀಪದಲ್ಲಿ ತಂಬೋರ ಎಂಬ ಅಗ್ನಿಪರ್ವತ ಸಿಡಿಯಿತು. ಅದರ ಗಂಧಕದ ಹೊಗೆ ಬಾನೆತ್ತರಕ್ಕೆ ಏರಿ ಬಿಸಿಲಿಗೆ ಪರದೆ ಕಟ್ಟಿತು. ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಬೆಳೆ ಕೊಳೆಯಿತು, ಹಸಿವು ಹೆಚ್ಚಿತು. ಕಾರಣ ಮಾತ್ರ ಅಂದಿನವರಿಗೆ ತಿಳಿದಿರಲಿಲ್ಲ. ಆ ಚಳಿಯಲ್ಲೇ ಹದಿನೆಂಟರ ಮೇರಿ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡದಲ್ಲಿದ್ದಳು. ಜೊತೆಗೆ ಕವಿಗಳಾದ ಷೆಲ್ಲಿ ಮತ್ತು ಬೈರನ್. ಬೈರನ್ ಸೂರ್ಯ ಆರಿಹೋದ ಲೋಕದ ಮೇಲೆ ಕವನ ಬರೆದ. ಮೇರಿ ‘ಫ್ರಾಂಕೆನ್‌ಸ್ಟೈನ್’ ಕಥೆಗೆ ಕೈಹಚ್ಚಿದಳು.

ಮುಂದಿನ ವರ್ಷಗಳು ಆಕೆಯ ಮನೆಯನ್ನೇ ಬರಿದು ಮಾಡಿದವು. ಮೂರು ಮಕ್ಕಳು ತೀರಿದ್ದವು. 1822ರಲ್ಲಿ ಗಂಡ ಷೆಲ್ಲಿ ಇಟಲಿಯ ಕಡಲಲ್ಲಿ ಮುಳುಗಿ ಸತ್ತ. 1824ರಲ್ಲಿ ಬೈರನ್ ಗ್ರೀಸಿನಲ್ಲಿ ಜ್ವರದಿಂದ ಹೋದ. ಇಪ್ಪತ್ತಾರು ವರ್ಷಕ್ಕೇ ತಾನೊಬ್ಬಳೇ ಉಳಿದೆನೆಂಬ ಭಾವ ಹೊತ್ತು ಆಕೆ ಬರೆದ ಪುಸ್ತಕ ಇದು.

ಕಥೆ ನಡೆಯುವುದು ಇಪ್ಪತ್ತೊಂದನೆಯ ಶತಮಾನದಲ್ಲಿ. ಪೂರ್ವದಿಂದ ಪ್ಲೇಗ್ ಬರುತ್ತದೆ. ಸುತ್ತ ಕಡಲಿದೆ, ನಮಗೇನಾದೀತು ಎಂದು ಇಂಗ್ಲೆಂಡಿನವರು ನಂಬಿರುತ್ತಾರೆ. ರೋಗ ಬಂದೇ ಬಿಟ್ಟಾಗ ದೇಶ ಆಳುವವನೇ ಮೊದಲು ಜಾಗ ಖಾಲಿ ಮಾಡುತ್ತಾನೆ. ಪ್ಯಾರಿಸ್ಸಿನಲ್ಲಿ ಒಬ್ಬ ಕಪಟ ಪ್ರವಾದಿ, ನನ್ನನ್ನು ನಂಬಿದವರಿಗೆ ರೋಗ ತಟ್ಟದು ಎಂದು ಸಾರಿ, ಸತ್ತವರನ್ನು ಮುಚ್ಚಿಡುತ್ತಾನೆ. ಪ್ಲೇಗಿಗೆ ಹೆದರಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಸುದ್ದಿಯನ್ನು ಹಿರಿಯರ ಬಾಯಿಂದ ಕೇಳಿದವರಿಗೂ, 2020ರ ಕೊರೊನಾ ಕಂಡವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಉಳಿಯುವವನು ವೆರ್ನಿ ಒಬ್ಬನೇ. ದೋಣಿ ಮುಳುಗಿ ಜೊತೆಗಾರರೂ ಹೋದ ಮೇಲೆ ಅವನು ಇಟಲಿಯ ದಡ ಸೇರಿ, ರೋಮ್ ಕಡೆಗೆ ನಡೆಯುತ್ತಾನೆ. ಮನೆಗಳ ಬಾಗಿಲು ತೆರೆದಿವೆ, ಒಳಗೆ ಯಾರೂ ಇಲ್ಲ. ಆಗ ಅವನು ಬಿಳಿ ಬಣ್ಣ ತಂದು, ಹಾದುಹೋದ ಊರುಗಳಲ್ಲಿ ಎಲ್ಲರಿಗೂ ಕಾಣುವ ಕಡೆ, ತಾನು ರೋಮಿನಲ್ಲಿ ಇರುತ್ತೇನೆಂದು ಬರೆದಿಡುತ್ತಾನೆ. ಅದೂ ಮೂರು ಭಾಷೆಗಳಲ್ಲಿ. ಯಾವ ಭಾಷೆಯವನು ಬದುಕಿದ್ದಾನೋ ಯಾರು ಬಲ್ಲರು?

ರೋಮಿನಲ್ಲಿ ಕೂತು ಮನುಷ್ಯಕುಲದ ಕಥೆಯನ್ನು ಬರೆದು ಮುಗಿಸುತ್ತಾನೆ. ಸೇಂಟ್ ಪೀಟರ್ ಚರ್ಚಿನ ತುದಿ ಹತ್ತಿ 2100 ಎಂದು ಇಸವಿ ಕೆತ್ತುತ್ತಾನೆ. ಆಮೇಲೆ ಒಂದು ನಾಯಿ, ಕೆಲವು ಪುಸ್ತಕ ಇಟ್ಟುಕೊಂಡು, ಇನ್ನೊಬ್ಬ ಮನುಷ್ಯ ಸಿಕ್ಕಾನೆಂದು ದೋಣಿಯಲ್ಲಿ ಹೊರಡಲು ಅಣಿಯಾಗುತ್ತಾನೆ.

ಅಂದಿನ ವಿಮರ್ಶಕರು ಪುಸ್ತಕವನ್ನು ಹೀಯಾಳಿಸಿದರು. ಬಹುಕಾಲ ಮರೆತುಹೋಗಿದ್ದ ಅದನ್ನು 1965ರಲ್ಲಿ ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದವರು ಮತ್ತೆ ಅಚ್ಚು ಹಾಕಿಸಿದರು.

ನಮ್ಮ ಗಡಿ ಊರುಗಳಲ್ಲಿ ಬೋರ್ಡಿನ ಮೇಲೆ ಯಾವ ಭಾಷೆ ಮೇಲಿರಬೇಕು, ಯಾವುದು ಕೆಳಗಿರಬೇಕು ಎಂಬ ಮಾತು ಆಗಾಗ ಏಳುತ್ತದೆ. ವೆರ್ನಿಗೆ ಆ ಯೋಚನೆ ಬರಲಿಲ್ಲ. ಬರೆದದ್ದನ್ನು ಓದುವ ಒಬ್ಬ ಮನುಷ್ಯ ಬಂದರೆ ಅವನಿಗೆ ಸಾಕಿತ್ತು.