ಟ್ರ್ಯಾಕ್‌ಗೆ ಕಾರು ಒಯ್ತೀರಾ? ಮೊದಲು ಆಯಿಲ್ ಡಬ್ಬದ ಮೇಲಿನ ನಂಬರ್ ಓದಿ

ಮೂಡಿಗೆರೆ: ಚಿಕ್ಕಮಗಳೂರು ಜಿಲ್ಲೆಗೆ ರ‍್ಯಾಲಿ ಹುಚ್ಚು ಹೊಸದಲ್ಲ. ತೋಟದ ಮಣ್ಣಿನ ದಾರಿಯಲ್ಲಿ ರಾಷ್ಟ್ರೀಯ ರ‍್ಯಾಲಿ ನೋಡಿ ಬೆಳೆದ ಹುಡುಗರು ಈಗ ಟರ್ಬೋ ಕಾರು ತಗೊಂಡು ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ, ಚೆನ್ನೈ ಹತ್ತಿರದ ಶ್ರೀಪೆರಂಬದೂರು ಟ್ರ್ಯಾಕ್‌ಗೋ ಹೋಗ್ತಿದ್ದಾರೆ. ಹೋಗುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಯಾವ ಆಯಿಲ್ ಹಾಕಿಸೋದು? ಅಂಗಡಿಯಲ್ಲಿ ಸಿಗುವ ಉತ್ತರವೂ ಒಂದೇ: "ದಪ್ಪದ್ದು ಹಾಕು, ಇಂಜಿನ್ ಸೇಫ್." ಇದು ಅರ್ಧ ಸತ್ಯ. ಉಳಿದರ್ಧ ಇಲ್ಲಿದೆ.

ನಂಬರ್ ಏನು ಹೇಳುತ್ತೆ?

5ಡಬ್ಲ್ಯೂ-30 ಅಂತ ಇದ್ದರೆ ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಮೊದಲ ನಂಬರ್ ಚಿಕ್ಕದಾದಷ್ಟೂ ತಣ್ಣಗಿರುವಾಗ ಆಯಿಲ್ ಬೇಗ ಹರಿಯುತ್ತೆ. ಎರಡನೇ ನಂಬರ್ ಇಂಜಿನ್ ಕಾದಾಗಿನ ದಪ್ಪ. ಅದನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದು ಸೆಂಟಿಸ್ಟೋಕ್ಸ್ ಲೆಕ್ಕದಲ್ಲಿ ಹೇಳ್ತಾರೆ:

- 20 ಗ್ರೇಡ್: 6.9ರಿಂದ 9.3
- 30 ಗ್ರೇಡ್: 9.3ರಿಂದ 12.5
- 40 ಗ್ರೇಡ್: 12.5ರಿಂದ 16.3
- 50 ಗ್ರೇಡ್: 16.3ರಿಂದ 21.9

ಹಾಗಾಗಿ "0ಡಬ್ಲ್ಯೂ-40 ತೆಳು, 15ಡಬ್ಲ್ಯೂ-40 ದಪ್ಪ" ಅನ್ನೋದು ತಪ್ಪು. ಇಂಜಿನ್ ಕಾದ ಮೇಲೆ ಎರಡೂ 40 ಗ್ರೇಡೇ. ವ್ಯತ್ಯಾಸ ಬೆಳಗಿನ ಸ್ಟಾರ್ಟ್‌ನಲ್ಲಿ.

ಟ್ರ್ಯಾಕ್‌ನಲ್ಲಿ ಏನಾಗುತ್ತೆ?

ಸಾಮಾನ್ಯ ಓಡಾಟದಲ್ಲಿ ಆಯಿಲ್ ಬಿಸಿ 90ರಿಂದ 110 ಡಿಗ್ರಿ ಆಸುಪಾಸು ಇರುತ್ತೆ. ಟ್ರ್ಯಾಕ್‌ನಲ್ಲಿ 15-20 ನಿಮಿಷ ಪೂರ್ತಿ ತುಳಿದರೆ 120, 130 ದಾಟೋದು ಅಪರೂಪವಲ್ಲ. ಬಿಸಿ ಏರಿದಂತೆ ಆಯಿಲ್ ತೆಳುವಾಗುತ್ತೆ. 100 ಡಿಗ್ರಿಯಲ್ಲಿ 40 ಗ್ರೇಡ್ ಇರುವ ಆಯಿಲ್ 120ರ ಹತ್ತಿರ ಹೋದರೆ ಸುಮಾರಾಗಿ 30 ಗ್ರೇಡಿನಷ್ಟೇ ದಪ್ಪ ಉಳಿಯುತ್ತೆ. ಕ್ರ್ಯಾಂಕ್ ಮತ್ತು ಬೇರಿಂಗ್ ನಡುವಿನ ಆಯಿಲ್ ಪದರ ಹರಿದರೆ ಲೋಹಕ್ಕೆ ಲೋಹ ಉಜ್ಜುತ್ತೆ. ಇಂಜಿನ್ ಕೆಲಸ ಬರೋದು ಅಲ್ಲಿಂದಲೇ.

ಅದಕ್ಕೇ ಕೆಲವು ಕಂಪನಿಗಳೇ ಬೇರೆ ಗ್ರೇಡ್ ಹೇಳುತ್ತವೆ. ಬಿಎಂಡಬ್ಲ್ಯೂ ಹಳೆಯ ಇ46 ಎಂ3 ಕಾರಿಗೆ 10ಡಬ್ಲ್ಯೂ-60 ಕೊಟ್ಟಿತ್ತು. ಫೋರ್ಡ್ 2012ರ ಮಸ್ಟಾಂಗ್ ಜಿಟಿಗೆ 5ಡಬ್ಲ್ಯೂ-20 ಹೇಳಿ, ಅದೇ ವರ್ಷದ ಟ್ರ್ಯಾಕ್ ಕಾರಿನಂಥ ಬಾಸ್ 302ಗೆ 5ಡಬ್ಲ್ಯೂ-50 ಹೇಳಿತು.

ಹಾಗಂತ ದಪ್ಪದ್ದೇ ಒಳ್ಳೇದಾ? ಅಲ್ಲ. ಈಗಿನ ಎಷ್ಟೋ ಪೆಟ್ರೋಲ್ ಕಾರುಗಳು 0ಡಬ್ಲ್ಯೂ-20ಯಂಥ ತೆಳು ಆಯಿಲ್‌ಗೇ ಡಿಸೈನ್ ಆಗಿವೆ. ಅದಕ್ಕೆ 20ಡಬ್ಲ್ಯೂ-50 ಸುರಿದರೆ ಬೆಳಗ್ಗೆ ಟ್ಯಾಪೆಟ್‌ಗೆ, ಟರ್ಬೋಗೆ ಆಯಿಲ್ ತಲುಪೋದು ತಡ. ವಾಲ್ವ್ ಟೈಮಿಂಗ್ ಬದಲಿಸುವ ಭಾಗ ಆಯಿಲ್ ಪ್ರೆಷರ್ ಮೇಲೇ ನಡೆಯೋದರಿಂದ ಅದೂ ನಿಧಾನ ಆಗಬಹುದು. ಮೈಲೇಜ್, ಪಿಕಪ್ ಎರಡೂ ಇಳಿಯುತ್ತೆ. ದಪ್ಪ ಆಯಿಲ್ ತಳ್ಳೋಕೆ ಹೆಚ್ಚು ಶಕ್ತಿ ಬೇಕು, ಅದೂ ಬಿಸಿಯಾಗೇ ಆಯಿಲ್‌ಗೆ ಸೇರುತ್ತೆ.

ನಾವು ಕಲಿತ ಪಾಠ

ನನ್ನ ಸ್ನೇಹಿತನೊಬ್ಬ ಸೆಕೆಂಡ್ ಹ್ಯಾಂಡ್ ಟರ್ಬೋ ಪೆಟ್ರೋಲ್ ಕಾರು ತಗೊಂಡು ಟ್ರ್ಯಾಕ್‌ಗೆ ಹೊರಟಾಗ ನಾನೂ ಜೊತೆಗಿದ್ದೆ. ಹೋಗೋ ಮುಂಚಿನ ವಾರವಿಡೀ ವಾಟ್ಸಾಪ್‌ನಲ್ಲಿ 40 ಹಾಕೋದಾ 50 ಹಾಕೋದಾ ಅಂತ ಜಗಳ. ಕೊನೆಗೆ ಒಂದು ಗ್ಯಾರೇಜಿನಲ್ಲಿ 50 ಹಾಕಿಸಿದ. ಚಾರ್ಮಾಡಿ ಘಾಟಿ ಎರಡು ಸಲ ಹತ್ತಿಳಿದು ಟೆಸ್ಟ್ ಕೂಡ ಆಯ್ತು. ಟ್ರ್ಯಾಕ್‌ನಲ್ಲಿ ಎರಡನೇ ಸೆಷನ್, ಉದ್ದದ ತಿರುವಿನಲ್ಲಿ ಆಯಿಲ್ ಲೈಟ್ ಮಿಣುಕಿತು. "ಸೆನ್ಸರ್ ಇರಬೇಕು ಬಿಡೋ" ಅಂದವನು ನಾನೇ. ಇನ್ನೂ ಎರಡು ಲ್ಯಾಪ್ ಓಡಿಸಿದ. ಆಮೇಲೆ ಟಕ ಟಕ ಸೌಂಡ್.

ಇಂಜಿನ್ ಬಿಚ್ಚಿದಾಗ ಬೇರಿಂಗ್ ಹೋಗಿತ್ತು. ಬಿಲ್ಲು ಲಕ್ಷ ದಾಟಿತು, ಕಾರು ಎರಡು ತಿಂಗಳು ನಿಂತಿತು. ಕಾರಣ ಗ್ರೇಡ್ ಅಲ್ಲ, ಲೆವೆಲ್! ಆಯಿಲ್ ಅರ್ಧಕ್ಕಿಂತ ಕಮ್ಮಿ ಇತ್ತು. ತಿರುವಿನಲ್ಲಿ ಆಯಿಲ್ ಚೇಂಬರಿನ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆದಿತ್ತು. ವಾರಪೂರ್ತಿ ನಂಬರ್ ಬಗ್ಗೆ ವಾದ ಮಾಡಿದ ನಾವ್ಯಾರೂ ಡಿಪ್‌ಸ್ಟಿಕ್ ಎಳೆದು ನೋಡಿರಲಿಲ್ಲ.

ಆಯ್ಕೆ ಹೇಗೆ?

1. ಮೊದಲು ಕಾರಿನ ಮ್ಯಾನುಯಲ್ ತೆಗೀರಿ. ಎಷ್ಟೋ ಕಾರುಗಳಿಗೆ ಒಂದಕ್ಕಿಂತ ಹೆಚ್ಚು ಗ್ರೇಡ್ ಕೊಟ್ಟಿರ್ತಾರೆ. ಅದರೊಳಗೇ ಆರಿಸಿ. ಎಪಿಐ, ಎಸಿಇಎ ಅಥವಾ ಕಂಪನಿಯ ಅಪ್ರೂವಲ್ ನಂಬರೂ ತಾಳೆಯಾಗಲಿ.
2. ವರ್ಷಕ್ಕೊಮ್ಮೆ ಟ್ರ್ಯಾಕ್, ಉಳಿದಂತೆ ಪೇಟೆ-ತೋಟ ಓಡಾಟ ಅಂದರೆ ಕಂಪನಿ ಹೇಳಿದ ಗ್ರೇಡಿನ ಹೊಸ ಫುಲ್ ಸಿಂಥೆಟಿಕ್ ಆಯಿಲ್ ಸಾಮಾನ್ಯವಾಗಿ ಸಾಕು.
3. ಪದೇ ಪದೇ ಹೋಗೋರು ಆಯಿಲ್ ಬಿಸಿ ನೋಡಿಕೊಳ್ಳಿ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮೀಟರ್ ಸಾಮಾನ್ಯವಾಗಿ ಕೂಲೆಂಟ್‌ದು, ಆಯಿಲ್‌ದಲ್ಲ. 120 ದಾಟ್ತಿದ್ದರೆ, ಮ್ಯಾನುಯಲ್ ಒಪ್ಪಿದರೆ, ಒಂದೇ ಮೆಟ್ಟಿಲು ಮೇಲೆ ಹೋಗಿ: 30ರಿಂದ 40ಕ್ಕೆ. 20ರಿಂದ 50ಕ್ಕೆ ಹಾರಬೇಡಿ. ವಾರಂಟಿ ಇದ್ದರೆ ಸರ್ವಿಸ್ ಸೆಂಟರ್ ಕೇಳದೆ ಬದಲಿಸಬೇಡಿ.
4. 130ರ ಮೇಲೇ ನಿಲ್ಲುತ್ತಿದ್ದರೆ ಮದ್ದು ದಪ್ಪ ಆಯಿಲ್ ಅಲ್ಲ, ಆಯಿಲ್ ಕೂಲರ್. ಸೆಷನ್ ಚಿಕ್ಕದು ಮಾಡಿ, ಕೊನೆ ಲ್ಯಾಪ್ ನಿಧಾನಕ್ಕೆ ಓಡಿಸಿ ತಣಿಸಿ.
5. ಪ್ರತಿ ಸೆಷನ್ ಆದ ಮೇಲೆ, ಸಮತಟ್ಟು ಜಾಗದಲ್ಲಿ ಕೆಲವು ನಿಮಿಷ ಬಿಟ್ಟು ಲೆವೆಲ್ ನೋಡಿ. ಮ್ಯಾಕ್ಸ್ ಗೆರೆ ಹತ್ತಿರ ಇರಲಿ, ಮೇಲೆ ಬೇಡ.
6. ಡಿಪ್‌ಸ್ಟಿಕ್‌ನಲ್ಲಿ ಪೆಟ್ರೋಲ್ ವಾಸನೆ ಜೋರಾಗಿ ಬಂದರೆ ಆಯಿಲ್ ತೆಳುವಾಗಿದೆ ಅಂತ ಅರ್ಥ. ಕಿಲೋಮೀಟರ್ ಲೆಕ್ಕ ನೋಡದೆ ಬದಲಿಸಿ.

ಅಂಗಡಿಯವರಿಗೆ ಒಂದು ಮಾತು

ಗಿರಾಕಿ "ಒಳ್ಳೇದು ಯಾವುದು ಕೊಡಿ" ಅಂದರೆ ಮೊದಲು ಗಾಡಿ ಯಾವುದು, ಮಾಡೆಲ್ ಯಾವುದು ಕೇಳಿ. ಡಿಪಿಎಫ್ ಇರುವ ಡೀಸೆಲ್ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಕಾರಿನ ತೆಳು ಆಯಿಲ್ಲನ್ನು ಬೈಕ್‌ಗೆ ಕೊಡಬೇಡಿ, ಕ್ಲಚ್ ಜಾರುತ್ತೆ. ಬೈಕ್‌ಗೆ ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಬೇಕು.

ಕೊನೆಗೆ, ಕಾರು ಟ್ರ್ಯಾಕ್‌ಗೇ ಹೋಗಲಿ, ಘಾಟಿಗೇ ಹೋಗಲಿ, ಆಯಿಲ್ ಲೈಟ್ ಹತ್ತಿದರೆ ಸೇಫ್ ಆಗಿ ಪಕ್ಕಕ್ಕೆ ತಗೊಂಡು ತಕ್ಷಣ ಇಂಜಿನ್ ಆಫ್ ಮಾಡಿ. ಸೆನ್ಸರ್ ಇರಬೇಕು ಅಂತ ಮಾತ್ರ ಅಂದುಕೊಳ್ಳಬೇಡಿ.