ಹುಂಚದ ಹೆಸರುಗಳೂ ಶೋಧಯಂತ್ರದ ಪಂಕ್ತಿಕ್ರಮವೂ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿರುವ ಹುಂಚವು ಹಿಂದೆ ಸಾಂತರ ಅರಸರ ರಾಜಧಾನಿಯಾಗಿತ್ತೆಂಬುದು ವಾಚಕರಿಗೆ ವಿದಿತವೇ ಆಗಿದೆ. ಶಾಸನಗಳಲ್ಲಿ ಈ ಊರು ಪೊಂಬುರ್ಚ, ಪಟ್ಟಿಪೊಂಬುರ್ಚಪುರ ಎಂದು ಕಾಣಿಸಿಕೊಳ್ಳುವುದು. ಹಳಗನ್ನಡದ ಪಕಾರವು ಹಕಾರವಾಗಿ ಹೊಂಬುಜವೆಂದೂ, ಜನರ ಬಾಯಲ್ಲಿ ಸವೆದು ಹುಂಚವೆಂದೂ ಹೆಸರುಗಳು ಬಳಕೆಗೆ ಬಂದುವು. ಒಂದೇ ಊರಿಗೆ ಇಷ್ಟು ರೂಪಗಳಿರುವುದು ಭಾಷಾಶಾಸ್ತ್ರಜ್ಞನಿಗೆ ಸಂತೋಷದ ವಿಷಯ. ಚರಿತ್ರಾಂಶಗಳನ್ನು ಹುಡುಕಹೊರಟವನಿಗಾದರೋ ಇದೇ ಮೊದಲನೆಯ ತೊಡಕು. ಇಂದಿನ ವಿದ್ಯಾರ್ಥಿಯು ಬಹುಮಟ್ಟಿಗೆ ಗ್ರಂಥಾಲಯಕ್ಕಿಂತ ಮೊದಲು ಗೂಗಲ್ ಮುಂತಾದ ಶೋಧಯಂತ್ರಗಳನ್ನೇ ಕೇಳುವನು. ಆ ಯಂತ್ರವು ಒಂದು ವೆಬ್‌ಸೈಟನ್ನು ಮುಂದಿಟ್ಟು ಮತ್ತೊಂದನ್ನು ಹಿಂದಿಡುವ ಕ್ರಮವು ಹೇಗೆ ಬದಲಾಗುತ್ತ ಬಂದಿದೆ, ಅದರಿಂದ ಚರಿತ್ರಕಾರನಿಗೆ ಒದಗುವ ಪರಿಣಾಮವೇನು, ಎಂಬುದನ್ನು ಇಲ್ಲಿ ಪರಿಶೀಲಿಸಲಾಗುವುದು.

ಅಚ್ಚಿನ ಗ್ರಂಥದ ಕ್ರಮವು ಸ್ಥಿರವಾದುದು. ಹುಂಚದ ಶಾಸನಗಳನ್ನು ಬಿ. ಎಲ್. ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕಾದ 8ನೆಯ ಸಂಪುಟದಲ್ಲಿ 1904ರಲ್ಲಿ ಪ್ರಕಟಿಸಿದರು. ಚಟ್ಟಲದೇವಿಯು ಕಟ್ಟಿಸಿದ, ಉರ್ವೀತಿಲಕವೆಂಬ ಬಿರುದಿನ ಪಂಚಕೂಟ ಬಸದಿಯನ್ನು ಕುರಿತ 1077ನೆಯ ಇಸವಿಯ ಶಾಸನವು ಅದರಲ್ಲಿ ನಗರ ತಾಲ್ಲೂಕಿನ 35ನೆಯದು. ತಾಲ್ಲೂಕಿನ ಹೆಸರು ಇಂದು ಹೊಸನಗರವೆಂದಾಗಿದ್ದರೂ “ನಗರ 35” ಎಂದೊಡನೆ ಬಲ್ಲವರು ಆ ಪುಟವನ್ನು ತೆರೆಯಬಲ್ಲರು. ನೂರು ವರ್ಷಗಳ ಹಿಂದೆ ನೋಡಿದವನಿಗೂ ಇಂದು ನೋಡುವವನಿಗೂ ಅದು ಅದೇ ಸ್ಥಾನದಲ್ಲಿರುವುದು.

ಶೋಧಯಂತ್ರದ ಕ್ರಮವಾದರೋ ಹೀಗಲ್ಲ. 1998ರಲ್ಲಿ ಸೆರ್ಗೆಯ್ ಬ್ರಿನ್, ಲ್ಯಾರಿ ಪೇಜ್ ಎಂಬಿಬ್ಬರು ಪೇಜ್‌ರ‍್ಯಾಂಕ್ ಎಂಬ ವಿಧಾನವನ್ನು ವಿವರಿಸಿದರು. ಪಂಡಿತರು ಒಂದು ಗ್ರಂಥವನ್ನು ಉಲ್ಲೇಖಿಸಿದಷ್ಟೂ ಅದರ ಗೌರವ ಹೆಚ್ಚುವಂತೆ, ಇತರ ಪುಟಗಳು ಕೊಂಡಿಗಳಿಂದ ಒಂದು ಪುಟವನ್ನು ತೋರಿಸಿದಷ್ಟೂ ಅದರ ಸ್ಥಾನ ಮೇಲಕ್ಕೇರುವುದೆಂಬುದೇ ಅದರ ತಿರುಳು. ಇದನ್ನರಿತ ವ್ಯಾಪಾರಿಗಳು ಹುರುಳಿಲ್ಲದ ಪುಟಗಳನ್ನೂ ಕೃತ್ರಿಮವಾದ ಕೊಂಡಿಗಳನ್ನೂ ಸೃಷ್ಟಿಸತೊಡಗಿದುದರಿಂದ ಅಲ್ಗಾರಿದಮ್ ಎಂಬ ಗಣನಕ್ರಮವನ್ನು ತಿದ್ದಬೇಕಾಯಿತು. 2011ರ ಪಾಂಡಾ ಎಂಬ ತಿದ್ದುಪಡಿಯು ಹುರುಳಿಲ್ಲದ ಬರಹಗಳನ್ನು ಕೆಳಕ್ಕೆ ತಳ್ಳಿತು. ಅಮೆರಿಕದ ಹುಡುಕಾಟಗಳಲ್ಲಿ ಶೇಕಡಾ 11.8ರಷ್ಟು ಇದರಿಂದ ವ್ಯತ್ಯಾಸ ಹೊಂದಿದುವೆಂದು ಗೂಗಲ್ ಸಂಸ್ಥೆಯೇ ತಿಳಿಸಿತು. 2012ರ ಪೆಂಗ್ವಿನ್ ಕೃತ್ರಿಮ ಕೊಂಡಿಗಳನ್ನು ದಂಡಿಸಿತು. 2013ರ ಹಮ್ಮಿಂಗ್‌ಬರ್ಡ್, 2019ರ ಬರ್ಟ್ ಇವು ಬಿಡಿಮಾತುಗಳಿಗಿಂತ ವಾಕ್ಯದ ಅಭಿಪ್ರಾಯವನ್ನು ಗ್ರಹಿಸಲೆಳಸಿದುವು. ಒಂದೊಂದು ತಿದ್ದುಪಡಿಯಾದಾಗಲೂ ನಿನ್ನೆ ಮೊದಲ ಪುಟದಲ್ಲಿದ್ದ ವೆಬ್‌ಸೈಟು ಇಂದು ಕಣ್ಮರೆಯಾಗಬಹುದು. ಅದರಲ್ಲಿನ ಬರಹವಾದರೋ ಒಂದಕ್ಷರವೂ ಬದಲಾಗಿರುವುದಿಲ್ಲ.

ಮೇಲಿನ ಸ್ಥಾನವು ಸತ್ಯಕ್ಕೆ ಪ್ರಮಾಣವಲ್ಲವೆಂಬುದನ್ನು ಕನ್ನಡಿಗರು 2021ರ ಜೂನ್ ತಿಂಗಳಲ್ಲಿ ಪ್ರತ್ಯಕ್ಷವಾಗಿ ಕಂಡರು. ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂಬ ಪ್ರಶ್ನೆಗೆ ಗೂಗಲ್ ಕನ್ನಡವೆಂಬ ಉತ್ತರವನ್ನು ಎಲ್ಲಕ್ಕಿಂತ ಮೇಲೆ ತೋರಿಸಿತು. ಅದು ಯಾವ ಭಾಷಾಪಂಡಿತನ ನಿರ್ಣಯವೂ ಅಲ್ಲ. ಎಲ್ಲಿಯೋ ಇದ್ದ ಮಾತನ್ನು ಯಂತ್ರವು ಎತ್ತಿ ತಲೆಯ ಮೇಲಿಟ್ಟಿತ್ತು. ನಾಡಿನಲ್ಲಿ ಆಕ್ರೋಶವೆದ್ದ ಮೇಲೆ ಸಂಸ್ಥೆಯು ಅದನ್ನು ತೆಗೆದುಹಾಕಿ ಕ್ಷಮೆ ಬೇಡಿತು. ಆ ಉತ್ತರವು ನಮ್ಮ ಅಭಿಮಾನವನ್ನು ನೋಯಿಸಿದುದರಿಂದ ಅದರ ದೋಷವು ಒಡನೆಯೇ ಗೋಚರಿಸಿತು. ಒಂದು ಶಾಸನದ ಕಾಲವೋ ಅರಸನೊಬ್ಬನ ಹೆಸರೋ ತಪ್ಪಾಗಿ ಮೇಲೇರಿದರೆ ಕೂಗೆಬ್ಬಿಸುವವರಾರು?

ಮತ್ತೆ ಹುಂಚಕ್ಕೆ ಬರೋಣ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಹುಣಸೆಗೆ ಹುಂಚಿಯೆನ್ನುವರು; ಅಕ್ಷರಸಾಮ್ಯವನ್ನೇ ನೆಚ್ಚಿದ ಯಂತ್ರಕ್ಕೆ ಊರಿಗೂ ಹಣ್ಣಿಗೂ ದೂರವಿಲ್ಲ. ಅರ್ಥವನ್ನು ಗ್ರಹಿಸುವ ಯಂತ್ರವು ಈ ಭ್ರಾಂತಿಯನ್ನು ಕಳೆಯಬಹುದು. ಆದರೆ ಹೆಚ್ಚು ಮಂದಿ ಕೇಳುವುದು ಪದ್ಮಾವತೀ ದೇವಿಯ ದರ್ಶನಕ್ಕೆ ಹೋಗುವ ದಾರಿಯನ್ನಾದರೆ, ಅದು ಯಾತ್ರಿಕನಿಗೆ ಬೇಕಾದುದನ್ನೇ ಮುಂದಿಡುವುದು ಸಹಜ. ಅದು ತಪ್ಪೂ ಅಲ್ಲ. ಹಳೆಯ ಸಂಪುಟದ ಪುಟಗಳು ಬರಿಯ ಛಾಯಾಚಿತ್ರಗಳಾಗಿ ಏರಿಸಲ್ಪಟ್ಟಿದ್ದರೆ, ಅವುಗಳೊಳಗಣ ಪೊಂಬುರ್ಚವನ್ನು ಯಂತ್ರವು ಓದಲಾರದೆ ಹೋಗಬಹುದು; ಓದದುದಕ್ಕೆ ಸ್ಥಾನವೆಲ್ಲಿ?

ಆದುದರಿಂದ ಅಧ್ಯಾಪಕರು ಎರಡು ನಿಯಮಗಳನ್ನು ರೂಢಿಸುವುದು ಮೇಲು. ಹುಡುಕುವ ವಿದ್ಯಾರ್ಥಿಯು ಹುಂಚ, ಹೊಂಬುಜ, ಪೊಂಬುರ್ಚ ಈ ಮೂರು ರೂಪಗಳಿಂದಲೂ ಹುಡುಕಿ, ಹುಡುಕಿದ ದಿನಾಂಕವನ್ನು ಗುರುತಿಸಿಕೊಂಡು, ಕೊನೆಗೆ ಶಾಸನದ ಪಾಠವನ್ನೇ ನೋಡತಕ್ಕದ್ದು. ಪ್ರಕಟಿಸುವ ವಿದ್ವಾಂಸನು ಊರಿನ ಎಲ್ಲ ಹೆಸರುಗಳನ್ನೂ ತಾಲ್ಲೂಕಿನ ಹಳೆಯ ಹೊಸ ಹೆಸರುಗಳನ್ನೂ ಶಾಸನಸಂಖ್ಯೆಯನ್ನೂ ಓದಲು ಬರುವ ಅಕ್ಷರಗಳಲ್ಲಿ ಕೊಡತಕ್ಕದ್ದು. ಗಣನಕ್ರಮವು ನಾಳೆ ಮತ್ತೆ ಬದಲಾಗುವುದು. ಚಟ್ಟಲದೇವಿಯ ಶಾಸನದ ಸಂಖ್ಯೆಯು ಬದಲಾಗುವುದಿಲ್ಲ. ನಮ್ಮ ಉಲ್ಲೇಖಗಳು ಈ ಎರಡನೆಯದನ್ನು ಆಶ್ರಯಿಸಿರಲಿ.